ಕೊರಳಿನ ಕೆಂಪು ಗುಂಡಿ

ಬಾಲಾ
ಮೇ 4, 2024

ಗೆಥಿನ್,

ಈ ಕಾಗದವನ್ನು ಕೊನೆಯವರೆಗೂ ಓದು. ನಿನ್ನ ಅಪ್ಪನ ಹಾಗೆ ಅರ್ಧ ಓದಿ ಟೀ ಲೋಟದ ಕೆಳಗೆ ಇಡಬೇಡ.

ನಿನ್ನೆ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಯ ಟ್ರೆವೊರ್ ಬೇಲಿಗೆ ಮೊಣಕೈ ಊರಿ ನಿಂತಿದ್ದ. ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಆ ಬೇಲಿಯೇ ಅವನ ಆಫೀಸು. "ನೆಸ್ಟಾ, ಕೇಳಿದ್ಯಾ? ಹಳೇ ಫೋನ್ ಲೈನೆಲ್ಲ ನಿಲ್ಲಿಸ್ತಾರಂತೆ. ಇನ್ಮೇಲೆ ಫೋನೂ ಇಂಟರ್ನೆಟ್ಟಲ್ಲೇ ಬರೋದಂತೆ" ಎಂದ. "ಎಲ್ಲಿಂದಾದ್ರೂ ಬರ್ಲಿ, ಬಿಲ್ ಬರದೇ ಇದ್ರೆ ಸಾಕು" ಎಂದೆ. "ಅದಲ್ಲ ಮಾರಾಯ್ತಿ. ನಿನ್ ಮಗನ ಕೊರಳಲ್ಲಿ ಕೆಂಪು ಗುಂಡಿ ಇದೆಯಲ್ಲ, ಬಿದ್ರೆ ಒತ್ತೋದು, ಅದು ಕೂಗೋದು ಆ ಲೈನಲ್ಲೇ ಅಲ್ವಾ?" ಎಂದ. ನನ್ನ ಕೈಯಲ್ಲಿದ್ದ ಒದ್ದೆ ದಿಂಬಿನ ಚೀಲ ಕೈಯಲ್ಲೇ ಉಳಿಯಿತು.

ಹಳೆಯ ಫೋನಿಗೆ ತಂತಿಯಲ್ಲೇ ಕರೆಂಟು ಬರುತ್ತದಂತೆ. ಊರಿಗೆಲ್ಲ ಕರೆಂಟು ಹೋದರೂ ಅದು ಬದುಕಿರುತ್ತದೆ. ಹೊಸದು ಮನೆಯ ದೀಪ ಆರಿದ ಕೂಡಲೇ ಸತ್ತುಹೋಗುತ್ತದಂತೆ. ಹಾಗಾದರೆ ನೀನು ಬಿದ್ದು ಗುಂಡಿ ಒತ್ತಿದರೆ ಯಾರಿಗೆ ಕೇಳುತ್ತದೆ? ಬೆಳಿಗ್ಗೆ ಎಂಟಕ್ಕೆ ನಿನ್ನ ಫೋನು ನಮ್ಮ ಮನೆಯಲ್ಲಿ ಮೂರು ಸಲ ಬಡಿದು ನಿಲ್ಲುತ್ತದೆ. ನಾನು ಎತ್ತುವುದಿಲ್ಲ. ನೀನು ಎದ್ದಿದ್ದೀಯ ಎಂದು ಗೊತ್ತಾದರೆ ನನ್ನ ದಿನ ಶುರುವಾಗುತ್ತದೆ. ನೀನು ಈ ಮನೆ ಬಿಟ್ಟು ಹೋದ ಮೇಲೆ ನನಗೆ ಉಳಿದಿರುವುದು ಆ ಮೂರು ಬಡಿತ ಮತ್ತು ಈ ಕಾಗದಗಳು. ನಾನು ನಿನ್ನ ಮನೆಗೆ ಬರಬಾರದು ಎಂದು ನೀನು ಹೇಳಿದೆ, ಬಂದಿಲ್ಲ. ಫೋನಿನಲ್ಲಿ ಮಾತಾಡಬಾರದು ಎಂದೂ ನೀನೇ ಹೇಳಿದೆ, ಆಡಿಲ್ಲ. ಆ ಗುಂಡಿಯ ಅಲಾರಂ ಏನಾಗುತ್ತದೆ ಎಂದು ಮಾತ್ರ ವಿಚಾರಿಸು.

ನಿನ್ನ ಅಮ್ಮ,
ನೆಸ್ಟಾ
(ಮರೆತಿದ್ದರೆ ಇರಲಿ ಎಂದು ಹೆಸರೂ ಬರೆದಿದ್ದೇನೆ)


ಬಾರ್ಮತ್
ಮೇ 13, 2024

ಅಮ್ಮಾ,

ಕೊನೆಯವರೆಗೂ ಓದಿದೆ. ಲೋಟದ ಕೆಳಗೆ ಇಟ್ಟದ್ದು ಆಮೇಲೆ.

ಗುಂಡಿ ಚೆನ್ನಾಗಿದೆ. ತಿಂಗಳಿಗೊಮ್ಮೆ ಒತ್ತಿ ಪರೀಕ್ಷೆ ಮಾಡುತ್ತೇನೆ. ಒತ್ತಿದರೆ ಫೋನಿನ ಪಕ್ಕದ ಪೆಟ್ಟಿಗೆ ತಾನೇ ಅಲಾರಂ ಕೇಂದ್ರಕ್ಕೆ ಕರೆ ಮಾಡುತ್ತದೆ. ಅಲ್ಲಿಂದ ಯಾರಾದರೂ ಪೆಟ್ಟಿಗೆಯೊಳಗಿಂದಲೇ ಮಾತಾಡುತ್ತಾರೆ. ಹೆಚ್ಚಾಗಿ ಮೆನ್ನಾ ಎಂಬ ಹೆಂಗಸು. ಮೊದಲ ಸಲ ನಾನು ನನ್ನ ಹೆಸರು ಹೇಳಲು ಒದ್ದಾಡುತ್ತಿದ್ದಾಗ, "ನಿಧಾನಕ್ಕೆ ಹೇಳಿ, ನನ್ ಡ್ಯೂಟಿ ಸಾಯಂಕಾಲದವರೆಗೂ ಇದೆ" ಎಂದರು. ನಗು ಬಂತು. ನಕ್ಕರೆ ನನ್ನ ನಾಲಿಗೆ ಇನ್ನೂ ತಡ ಎಂದು ನಿನಗೆ ಗೊತ್ತು. ಆದರೂ ಅವರು ಕಾದರು.

ನೀನು ಕಾಯುವುದಿಲ್ಲ ಅಮ್ಮ. ಜಗಳಕ್ಕೆ ಹೇಳುತ್ತಿಲ್ಲ. ನಾನು "ನನಗೆ" ಎಂದರೆ ಸಾಕು, ನೀನು "ಹಸಿವಾ? ಚಳಿಯಾ? ಬಾತ್‌ರೂಮಿಗಾ?" ಎಂದು ನನ್ನ ಮಾತನ್ನು ಮುಗಿಸಿಬಿಡುತ್ತಿದ್ದೆ. ಎಷ್ಟೋ ಸಲ ಹಸಿವಿಲ್ಲದಿದ್ದರೂ ತಿಂದಿದ್ದೇನೆ, ಇಲ್ಲ ಎನ್ನುವುದಕ್ಕಿಂತ ತಿನ್ನುವುದು ಸುಲಭವಾಗಿತ್ತು. ಕಾಗದದಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡಿದರೂ ನನ್ನ ವಾಕ್ಯವನ್ನು ನಾನೇ ಮುಗಿಸುತ್ತೇನೆ. ನಲವತ್ತೆರಡನೆಯ ವಯಸ್ಸಿನಲ್ಲಿ ಅದು ದೊಡ್ಡ ಸುಖ.

ಅಲಾರಂ ಇರುವ ಮನೆಯ ಲೈನನ್ನು ಕೇಳದೆ ಬದಲಾಯಿಸುವುದಿಲ್ಲವಂತೆ. ಹೆದರಬೇಡ. ನಿನಗೂ ಎಪ್ಪತ್ತನಾಲ್ಕಾಯಿತು, ನೀನೂ ಒಂದು ಗುಂಡಿ ಹಾಕಿಕೊಳ್ಳಬಾರದೇ?

ಗೆಥಿನ್


ಬಾಲಾ
ಮೇ 20, 2024

ಗೆಥಿನ್,

ಗುಂಡಿ ಮುದುಕಿಯರಿಗೆ. ನಾನು ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿದವಳು.

ಹಸಿವಿಲ್ಲದೆ ತಿಂದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಎರಡು ದಿನ ನನಗೂ ಊಟ ಸೇರಲಿಲ್ಲ. ಅಷ್ಟೇ.

ಅಮ್ಮ


ಬಾರ್ಮತ್
ಆಗಸ್ಟ್ 9, 2024

ಅಮ್ಮಾ,

ನಿನ್ನ ಹಾಗೆಯೇ ಮಾತು ಮುಗಿಸಿಕೊಡುವವನು ಇನ್ನೊಬ್ಬ ಸಿಕ್ಕಿದ. ಫೋನ್ ಕಂಪನಿಯ ಹುಡುಗ. ತುಂಬ ವಿನಯ. "ಸರ್, ನಿಮ್ ಬೀದಿಗೆ ಡಿಜಿಟಲ್ ಲೈನ್ ಬಂದಿದೆ, ನಿಮ್ಗೂ ಹಾಕೋಣ್ವಾ?" ಎಂದು ಕೇಳಿದ. ನಾನು "ಬೇಡ" ಎನ್ನಲು ಹೊರಟೆ. "ಬೇ" ಬಂತು. "ಡ" ಬರುವ ಮೊದಲೇ ಅವನು, "ಬೇಕು, ಓಕೆ ಸರ್, ತುಂಬಾ ಥ್ಯಾಂಕ್ಸ್" ಎಂದ. ಅಲಾರಂ ಎಂಬ ಮಾತು ನಾಲಿಗೆಗೆ ಹತ್ತುವಷ್ಟರಲ್ಲಿ ಆ ಕಡೆ ಯಾರೂ ಇರಲಿಲ್ಲ.

ನಾನು ಎಡಗೈಯಿಂದ ಮೇಜು ಗುದ್ದಿಕೊಂಡು ನಕ್ಕೆ. ಆಮೇಲೆ ಇಮೇಲ್ ಬರೆದೆ. ಸರಿಮಾಡುತ್ತಾರೆ. ಕಡಲತೀರದಲ್ಲಿ ಈಗ ಪ್ರವಾಸಿಗಳ ಜಾತ್ರೆ. ನಿನ್ನೆ ಒಂದು ಕಡಲಹಕ್ಕಿ ನನ್ನ ಚಿಪ್ಸನ್ನು ಪೊಟ್ಟಣದ ಸಮೇತ ಹೊತ್ತುಕೊಂಡು ಹೋಯಿತು. ಅದಕ್ಕೂ "ಬೇಡ" ಎನ್ನಲು ನನಗೆ ಸಮಯವಿರಲಿಲ್ಲ.

ಗೆಥಿನ್


ಬಾಲಾ
ಸೆಪ್ಟೆಂಬರ್ 17, 2024

ಗೆಥಿನ್,

ನಿನಗೆ ಸ್ನಾನ ಮಾಡಿಸಲು ಬೆಳಿಗ್ಗೆ ಬರುವ ಹುಡುಗಿ ನನಗೆ ಫೋನ್ ಮಾಡಿದ್ದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಅವಳು ಅಳುತ್ತಿದ್ದಳು.

ನೀನು ಬುಧವಾರ ರಾತ್ರಿಯಿಡೀ ಬಾತ್‌ರೂಮಿನ ನೆಲದ ಮೇಲೆ ಬಿದ್ದಿದ್ದೆಯಂತೆ. ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಊದಿತ್ತಂತೆ. ನೀನು ಇಮೇಲ್ ಬರೆದರೂ ಹೊಸ ಲೈನು ಹಾಕಿಬಿಟ್ಟಿದ್ದರಂತೆ, ಪೆಟ್ಟಿಗೆಯ ಕೂಗು ಅದರಲ್ಲಿ ಹೋಗುತ್ತಲೇ ಇಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲವಂತೆ. ಅವಳು ಬಂದು ಎತ್ತಿ, ಒಣ ಬಟ್ಟೆ ತೊಡಿಸಿ ಮಂಚದ ಮೇಲೆ ಕೂರಿಸಿದಳು. ಆಮೇಲೆ ನೀನು ಮಾಡಿದ ಮೊದಲ ಕೆಲಸ ಏನು? ಫೋನು ತರಿಸಿಕೊಂಡು ನನಗೆ ಮೂರು ಸಲ ಬಡಿಸಿದ್ದು.

ನಾನು ಅದನ್ನು ಕೇಳಿ ನೆಮ್ಮದಿಯಿಂದ ಟೀ ಕುಡಿದೆ ಗೆಥಿನ್. ಬಿಸ್ಕತ್ತು ಅದ್ದಿಕೊಂಡು ಕುಡಿದೆ.

ಸಾಕು. ಮನೆಗೆ ಬಾ. ನಿನ್ನ ಕೋಣೆ ಹಾಗೇ ಇದೆ. ಟ್ರೆವೊರ್ ವ್ಯಾನು ತರುತ್ತಾನೆ.

ಅಮ್ಮ


ಬಾರ್ಮತ್
ಸೆಪ್ಟೆಂಬರ್ 23, 2024

ಅಮ್ಮಾ,

ಪೆಟ್ಟಿಗೆಯಲ್ಲಿ ಒಂದು ಧ್ವನಿ ಇದೆ. "ಸಂಪರ್ಕಿಸಲಾಗುತ್ತಿದೆ, ದಯವಿಟ್ಟು ಕಾಯಿರಿ" ಎನ್ನುತ್ತದೆ. ಬೆಳಗಾಗುವವರೆಗೂ ಅದನ್ನೇ ಹೇಳಿತು. ಮೊದಲು ಭಯವಾಯಿತು. ಆಮೇಲೆ ಚಳಿ ಮಾತ್ರ ಇತ್ತು. ಒಂದು ಹೊತ್ತಿನಲ್ಲಿ ನಿನ್ನನ್ನು ಕರೆದೆ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ.

ಆದರೆ ಮನೆಗೆ ಬರುವುದಿಲ್ಲ. ಇಲ್ಲಿ ನಾನು ಬಿದ್ದರೆ ಬಿದ್ದವನು ನಾನು. ಅಲ್ಲಿ ನಾನು ಬೀಳದಂತೆ ನೀನು ದಿನವಿಡೀ ನನ್ನ ಬೆನ್ನ ಹಿಂದೆ ಕೈ ಚಾಚಿಕೊಂಡು ನಡೆಯುತ್ತೀ. ಇಲ್ಲಿ ತಿಂಗಳ ಪತ್ರಿಕೆಯವರು ಕರಡು ತಿದ್ದಲು ನನಗೇ ಕಳಿಸುತ್ತಾರೆ. ಅಂಗಡಿಯವನು ನನ್ನನ್ನೇ ಕೇಳುತ್ತಾನೆ, ನನ್ನ ಪಕ್ಕದಲ್ಲಿ ನಿಂತವರನ್ನಲ್ಲ.

ಬೇಡ ಅಮ್ಮ. ಈ ಸಲ ಪೂರ್ತಿ ಬರೆದಿದ್ದೇನೆ, ನೋಡಿಕೋ.

ಗೆಥಿನ್


ಬಾಲಾ
ಅಕ್ಟೋಬರ್ 26, 2024

ಗೆಥಿನ್,

ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸುತ್ತಿದ್ದೇನೆ. ಬಾತ್‌ರೂಮಿನ ನೆಲ ತಣ್ಣಗಿರುತ್ತದೆ.

ಇಷ್ಟು ದಿನ ಬರೆಯಲಿಲ್ಲ. ಬರೆದು ಹರಿದದ್ದು ಬಹಳ. ನಮ್ಮೂರ ಸರೋವರ ತುಂಬಿದೆ. ಟ್ರೆವೊರನ ಮೊಣಕಾಲಿಗೆ ಆಪರೇಷನ್ ದಿನ ಗೊತ್ತಾಗಿದೆ. ಬೇರೇನಿಲ್ಲ.

ಅಮ್ಮ


ಬಾರ್ಮತ್
ನವೆಂಬರ್ 8, 2024

ಅಮ್ಮಾ,

ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಹೊಸ ಅಲಾರಂ ಬಂತು. ಊರಿನ ಕೌನ್ಸಿಲ್ಲಿನವರು ತಂದು ಕೂರಿಸಿದರು. ಇದಕ್ಕೆ ಫೋನ್ ಲೈನೇ ಬೇಡ, ಒಳಗೆ ಮೊಬೈಲಿನ ಸಿಮ್ ಇದೆ. ಒಂದು ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ಕರೆಂಟು ಹೋದರೆ ಬ್ಯಾಟರಿಯ ಮೇಲೆ ಒಂದು ದಿನಕ್ಕಿಂತ ಹೆಚ್ಚು ನಡೆಯುತ್ತದೆ. ಬಂದವನು ಗೋಡೆಯ ಸ್ವಿಚ್ಚು ಆರಿಸಿ, "ಈಗ ಒತ್ತಿ" ಎಂದ. ಒತ್ತಿದೆ. ಮೆನ್ನಾ ಬಂದರು. "ಎಲ್ ಹೋಗಿದ್ರಿ ಗೆಥಿನ್, ಎರಡು ತಿಂಗಳಾಯ್ತು ನಿಮ್ ಧ್ವನಿ ಕೇಳಿ" ಎಂದರು. ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ನಾನು ಹೇಳಬೇಕೆಂದುಕೊಂಡಿದ್ದನ್ನೆಲ್ಲ ಹೇಳಿದೆ. ಕೌನ್ಸಿಲ್ಲಿನವನು ಅಷ್ಟರಲ್ಲಿ ಟೀ ಮಾಡಿಕೊಂಡು ಕುಡಿದೇಬಿಟ್ಟಿದ್ದ.

ಮನೆಯ ಫೋನು ಮಾತ್ರ ಕರೆಂಟು ಹೋದರೆ ಸಾಯುತ್ತದೆ. ಮೂರು ಬಡಿತ ಬರದಿದ್ದರೆ ಅದು ಫೋನಿನ ಕಾಯಿಲೆ, ನನ್ನದಲ್ಲ. ಇದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೋ.

ಇನ್ನೊಂದು. ಕ್ರಿಸ್‌ಮಸ್ಸಿಗೆ ಇಲ್ಲಿಗೆ ಬಾ. ಕರೆಯುವವರೆಗೆ ಬರಬೇಡ ಎಂದಿದ್ದೆ. ಈಗ ಕರೆಯುತ್ತಿದ್ದೇನೆ.

ಗೆಥಿನ್


ಬಾಲಾ
ನವೆಂಬರ್ 15, 2024

ನನ್ನ ಮಗನೇ,

ಬರುತ್ತೇನೆ.

ನಿನ್ನ ಬಾಗಿಲಿನ ಬಣ್ಣ ಯಾವುದು? ಮೆಟ್ಟಿಲಿದೆಯೇ? ಕಿಟಕಿಯಿಂದ ಏನು ಕಾಣುತ್ತದೆ? ಎರಡೂವರೆ ವರ್ಷದಿಂದ ನಾನು ಮನಸ್ಸಿನಲ್ಲೇ ಒಂದು ಮನೆ ಕಟ್ಟಿಕೊಂಡಿದ್ದೇನೆ, ಅದರಲ್ಲಿ ಎಲ್ಲಿ ನೋಡಿದರೂ ನೀನು ಜಾರಿ ಬೀಳುವ ಜಾಗಗಳೇ. ನಿಜವಾದ ಮನೆ ನೋಡಿದರೆ ನಿದ್ದೆ ಬರಬಹುದು.

ಒಣದ್ರಾಕ್ಷಿ ಬ್ರೆಡ್ಡು ತರುತ್ತೇನೆ. ಕುರಿಮಾಂಸ ನಾನೇ ಬೇಯಿಸಲೇ, ನೀನು ಬೇಯಿಸುತ್ತೀಯಾ? ನೋಡು, ಕೇಳುತ್ತಿದ್ದೇನೆ, ತೀರ್ಮಾನ ಮಾಡುತ್ತಿಲ್ಲ. ಮಾತಿನ ಮಧ್ಯೆ ಬಾಯಿ ಹಾಕದಿರುವುದನ್ನೂ ಟ್ರೆವೊರನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಅವನು ತನ್ನ ಮೊಣಕಾಲಿನ ಕಥೆ ಶುರುಮಾಡಿದ. ನಾನು ತುಟಿ ಬಿಗಿಹಿಡಿದು ಕೂತೆ. ಮುಗಿಯಲೇ ಇಲ್ಲ. ಕೊನೆಗೆ ಅವನೇ, "ಏನಾಯ್ತೇ ನಿಂಗೆ? ಹುಷಾರಿಲ್ವಾ? ಒಂದ್ಸಲಾನೂ ಬೈಲಿಲ್ಲ" ಎಂದು ಹೆದರಿ ಎದ್ದುಹೋದ.

ನಿನ್ನ ಅಮ್ಮ


ಬಾರ್ಮತ್
ಡಿಸೆಂಬರ್ 7, 2024, ಶನಿವಾರ ಮಧ್ಯಾಹ್ನ

ಅಮ್ಮಾ,

ಬಾಗಿಲು ಹಳದಿ. ಮೆಟ್ಟಿಲಿಲ್ಲ, ಇಳಿಜಾರು ಇದೆ. ಕಿಟಕಿಯಿಂದ ಸಮುದ್ರದ ಮೇಲಿನ ರೈಲು ಸೇತುವೆ ಕಾಣುತ್ತದೆ. ಇವತ್ತು ಏನೂ ಕಾಣುತ್ತಿಲ್ಲ, ಬರೀ ಬಿಳಿ ನೊರೆ.

ನಸುಕಿನಲ್ಲೇ ಬಿರುಗಾಳಿಗೆ ಕರೆಂಟು ಹೋಯಿತು, ಫೋನೂ ಹೋಯಿತು. ಇಡೀ ಬೀದಿಯದು ಅದೇ ಪಾಡು. ಟೈಪ್ ಮಾಡಲು ಕಂಪ್ಯೂಟರ್ ಇಲ್ಲ, ಅದಕ್ಕೇ ಪೆನ್ಸಿಲ್ಲು, ಅದಕ್ಕೇ ಈ ಕೋಳಿಕಾಲಿನ ಅಕ್ಷರ. ಆದರೆ ಅಲಾರಂ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇದೆ. ಬೆಳಿಗ್ಗೆ ಮೆನ್ನಾ ಅವರೇ ಅದರಲ್ಲಿ ಮಾತಾಡಿ ಬೆಚ್ಚಗಿದ್ದೀರಾ ಎಂದು ವಿಚಾರಿಸಿದರು. ಪಕ್ಕದ ಮನೆಯ ಬೆಟಿ ಗ್ಯಾಸ್ ಒಲೆಯ ಮೇಲೆ ಸೂಪು ಕಾಯಿಸಿ ತಂದಳು. ಕಂಬಳಿ ಹೊದ್ದು ಇಬ್ಬರೂ ಇಸ್ಪೀಟು ಆಡಿದೆವು. ಅವಳು ಮೋಸ ಮಾಡುತ್ತಾಳೆ. ಇಷ್ಟು ಸಂತೋಷದ ದಿನ ಈಚೆಗೆ ಬಂದಿರಲಿಲ್ಲ.

ದಾರಿ ತೆರೆದ ಮೇಲೆ ಅಂಚೆ ಹೊರಡುತ್ತದೆ. ಇವತ್ತು ಎಂಟಕ್ಕೆ ಬಡಿಯಲಿಲ್ಲ ಎಂದು ಬೈದುಕೊಂಡಿರುತ್ತೀ. ಕುರಿಮಾಂಸ ನಾನೇ ಬೇಯಿಸುತ್ತೇನೆ.

ಗೆಥಿನ್


ಬಾಲಾ
ಡಿಸೆಂಬರ್ 7, ಶನಿವಾರ ಬೆಳಿಗ್ಗೆ

ಟ್ರೆವೊರ್,

ನಾನು ಬಾರ್ಮತ್‌ಗೆ ಹೋಗಿಬರುತ್ತೇನೆ. ನಿನ್ನನ್ನು ಎಬ್ಬಿಸಿದರೆ ಬೇಡ ಎನ್ನುತ್ತೀ, ಅದಕ್ಕೇ ಬಾಗಿಲ ಸಂದಿಯಿಂದ ಇದನ್ನು ಹಾಕುತ್ತಿದ್ದೇನೆ.

ಎಂಟಕ್ಕೆ ಗೆಥಿನನ ಫೋನು ಬಡಿಯಲಿಲ್ಲ. ನಾನೇ ಮಾಡಿದೆ, ಲೈನು ಸತ್ತಿದೆ. ಅಲಾರಂ ಕೇಂದ್ರಕ್ಕೆ ಮಾಡಿದೆ, ಬಹಳ ಜನ ಕಾಯುತ್ತಿದ್ದಾರೆ ಎಂದು ಸಂಗೀತ ಹಾಕಿಬಿಟ್ಟರು. ಅವನಿಗೆ ಹೊಸ ಅಲಾರಂ ಇದೆ. ಬ್ಯಾಟರಿ ಇದೆ. ಕರೆಂಟು ಹೋದರೆ ಫೋನಿನ ಕಾಯಿಲೆ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದೇನೆ. ಅದನ್ನೇ ನೋಡುತ್ತಾ ನಿಂತಿದ್ದೆ. ಎಲ್ಲ ಗೊತ್ತು, ಆದರೂ ಕೂರಲಾಗುತ್ತಿಲ್ಲ. ಸೆಪ್ಟೆಂಬರಿನಲ್ಲಿ ಕೂತು ಟೀ ಕುಡಿದವಳು ನಾನು.

ಅವನು ಚೆನ್ನಾಗಿಯೇ ಇರುತ್ತಾನೆ. ಬಾಗಿಲು ತೆಗೆದು ನನ್ನನ್ನು ನೋಡಿ ಬೈಯುತ್ತಾನೆ. ಬೈಸಿಕೊಂಡು, ಒಂದು ಲೋಟ ಟೀ ಕುಡಿದು, ಕತ್ತಲಾಗುವ ಮೊದಲು ಬಂದುಬಿಡುತ್ತೇನೆ.

ಬೆಕ್ಕಿಗೆ ಹಾಲು ಹಾಕು.

ನೆಸ್ಟಾ


ಬಾಲಾ
ಡಿಸೆಂಬರ್ 19, 2024

ಗೆಥಿನ್,

ಪೊಲೀಸರು ನಿನಗೆ ಹೇಳಿದ್ದಾರೆ. ನೆಸ್ಟಾಳ ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ನಿನ್ನ ಮುಖ ನೋಡಿ ನನಗೆ ಮಾತು ಬರಲಿಲ್ಲ. ಇಡೀ ಆಯುಷ್ಯ ವಟವಟ ಎಂದವನು ಬೇಕಾದಾಗ ಮೂಗನಾದೆ. ಅದಕ್ಕೇ ಬರೆಯುತ್ತಿದ್ದೇನೆ. ಅವಳು ನನ್ನ ಬಾಗಿಲಿಗೆ ಹಾಕಿದ ಚೀಟಿಯೂ ಇದರ ಜೊತೆ ಇದೆ. ಇದು ನಿನ್ನ ಹತ್ತಿರ ಇರಬೇಕಾದದ್ದು.

ಡೊಲ್ಗೆಲ್ಲಾಯ್ ಊರು ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿತ್ತು. ಆ ದಿನ ಅಲ್ಲಿ ನಿಂತಿದ್ದ ರಸ್ತೆ ಕೆಲಸದವನನ್ನು ಆಮೇಲೆ ನಾನು ಹುಡುಕಿಕೊಂಡು ಹೋಗಿ ಮಾತಾಡಿದೆ. ಅವನು ಅವಳ ಕಾರು ತಡೆದು, "ವಾಪಸ್ ಹೋಗಿ ಅಮ್ಮ, ಈ ದಾರಿ ಇವತ್ತು ತೆರೆಯೋದಿಲ್ಲ" ಎಂದನಂತೆ. "ನನ್ ಮಗ ಆ ಕಡೆ ಇದ್ದಾನೆ." "ಒಂದು ಫೋನ್ ಮಾಡಿ ನೋಡಿ." "ಫೋನ್ ಹತ್ತಿದ್ರೆ ನಿನ್ ಮುಖ ನೋಡೋಕೆ ಇಷ್ಟು ದೂರ ಬರ್ತಿದ್ನಾ?" ಅವಳದೇ ಮಾತು, ಕೇಳಿದ ಕೂಡಲೇ ಗೊತ್ತಾಯಿತು. ಅವಳು ಕಾರು ತಿರುಗಿಸಿದ್ದನ್ನು ನೋಡಿ ಅವನು ಮನೆಗೆ ಹೋದಳು ಎಂದುಕೊಂಡ.

ಅವಳು ಮನೆಗೆ ಹೋಗಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ, ನದಿಯ ಆಚೆ ದಡದಲ್ಲಿ ಹಳೆಯ ರೈಲು ಹಳಿ ಕಿತ್ತು ಮಾಡಿದ, ನಿಮ್ಮ ಸೇತುವೆಯವರೆಗೂ ಹೋಗುವ ದಾರಿ ಇದೆಯಲ್ಲ, ಅದರಲ್ಲಿ ನಡೆದಳು. ಆ ಗಾಳಿಯಲ್ಲಿ, ಚರ್ಚಿಗೆ ಹಾಕುವ ಬೂಟಿನಲ್ಲಿ. ಭಾನುವಾರ ನಾಯಿ ತಿರುಗಾಡಿಸಲು ಬಂದವರೊಬ್ಬರಿಗೆ ಕಂಡಳು. ಬೆಂಚಿಗೆ ಒರಗಿ ಕೂತಿದ್ದಳು. ಎದೆಬಡಿತ ನಿಂತುಹೋಗಿತ್ತು, ಹೆಚ್ಚು ನರಳಿಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರುಗಳು ಹಾಗೆಯೇ ಹೇಳುತ್ತಾರೆ. ನಾನು ಆ ಬೆಂಚಿನವರೆಗೆ ಹೋಗಿ ನೋಡಿ ಬಂದೆ. ಅಲ್ಲಿಂದ ನೀರಿನ ಆಚೆ ನಿಮ್ಮ ಊರು ಕಾಣುತ್ತದೆ.

ಆ ಬೆಳಿಗ್ಗೆ ನನಗೆ ಎಚ್ಚರವಿತ್ತು. ಬಾಗಿಲಿಗೆ ಚೀಟಿ ಬಿದ್ದ ಸದ್ದು ಕೇಳಿ, ಜಾಹೀರಾತು ಇರಬೇಕು ಎಂದು ಮಗ್ಗುಲು ಬದಲಿಸಿದೆ.

ಅವಳ ಹೆಸರಿಗೆ ನೀನು ಬರೆದ ಕಾಗದ ಹೋದ ಗುರುವಾರ ಬಂತು. ಒಡೆದಿಲ್ಲ. ಏನು ಮಾಡಲಿ, ಹೇಳು.

ಟ್ರೆವೊರ್


ಬಾರ್ಮತ್
ಜನವರಿ 11, 2025

ಟ್ರೆವೊರ್ ಅಂಕಲ್,

ಆ ಕಾಗದವನ್ನು ಒಲೆಗೆ ಹಾಕಿ. ಅದರಲ್ಲಿ ನಾನು ಬಹಳ ಸಂತೋಷವಾಗಿದ್ದೇನೆ.

ನೀವು ಮಗ್ಗುಲು ಬದಲಿಸಿದ್ದರ ಬಗ್ಗೆ ಬರೆದಿರಿ. ನೀವು ಎದ್ದಿದ್ದರೂ ಅವಳು ಹೋಗುತ್ತಿದ್ದಳು, ನಿಮ್ಮನ್ನೂ ಬೈದು ಹೋಗುತ್ತಿದ್ದಳು. ಅವಳು ಆ ದಾರಿಯಲ್ಲಿ ನಡೆಯುತ್ತಿದ್ದ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ಸೂಪು ಕುಡಿಯುತ್ತಿದ್ದೆ. ಇಸ್ಪೀಟಿನಲ್ಲಿ ಸೋಲುತ್ತಿದ್ದೆ. ಕರೆಂಟು ಮರುದಿನ ಬೆಳಿಗ್ಗೆ ಬಂತು. ಫೋನು ಬದುಕಿದ ಕೂಡಲೇ ಅವಳ ನಂಬರು ಒತ್ತಿದೆ. ಮೂರು ಸಲ ಬಡಿಸಿ ನಿಲ್ಲಿಸಲಿಲ್ಲ. ಎತ್ತಲಿ, ಮಾತಾಡೋಣ, ಎಷ್ಟು ಬೇಕಾದರೂ ಬಾಯಿ ಹಾಕಲಿ ಎಂದು ಬಿಟ್ಟೆ. ಬಡಿಯುತ್ತಲೇ ಇತ್ತು. ಭಾನುವಾರವಲ್ಲವೇ, ಚರ್ಚಿಗೆ ಹೋಗಿರಬೇಕು ಎಂದುಕೊಂಡೆ.

ಅಲಾರಂ ಕೆಟ್ಟಿದ್ದರೆ ಯಾರ ಮೇಲಾದರೂ ಕೂಗಾಡಬಹುದಿತ್ತು. ಆ ದಿನ ಅದು ಒಂದು ಕ್ಷಣವೂ ನಿಲ್ಲಲಿಲ್ಲ.

ನಿನ್ನೆ ತಿಂಗಳ ಪರೀಕ್ಷೆಗೆ ಒತ್ತಿದೆ. ಮೆನ್ನಾ ಬಂದರು. ಎಂದಿನ ಹಾಗೆ ತಮಾಷೆ ಮಾಡಲಿಲ್ಲ. "ಗೆಥಿನ್, ಒಂದು ಕೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ನಿಮ್ಗೆ ಏನಾದ್ರೂ ಆದ್ರೆ ಮೊದ್ಲು ಯಾರಿಗೆ ತಿಳಿಸ್ಬೇಕು ಅನ್ನೋ ಕಡೆ ಇನ್ನೂ ಅಮ್ಮನ ಹೆಸರೇ ಇದೆ" ಎಂದರು. ಬೆಟಿಯ ಹತ್ತಿರ ಬೀಗದ ಕೈ ಇದೆ, ಅವಳು ಬಂದು ಎತ್ತುತ್ತಾಳೆ ಎಂದೆ. ಅಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. "ಅದು ಬಂದು ಎತ್ತೋರು. ನಾನು ಕೇಳ್ತಿರೋದು ಸುದ್ದಿ ಯಾರಿಗೆ ಹೇಳ್ಬೇಕು ಅಂತ" ಎಂದರು. ನಾನು ಬಾಯಿ ತೆರೆದೆ. ಈ ಸಲ ತಡವಾದದ್ದು ನಾಲಿಗೆಯಿಂದಲ್ಲ. ಹೇಳಲು ಹೆಸರೇ ಇರಲಿಲ್ಲ. ಮೆನ್ನಾ ಕಾದರು. ಕೊನೆಗೆ, "ಇವತ್ತೇ ಆಗ್ಬೇಕಂತಿಲ್ಲ" ಎಂದರು.

ನೀವು ದೂರ ಇದ್ದೀರಿ, ಮೊಣಕಾಲು ಬೇರೆ ಸರಿಯಿಲ್ಲ. ನೀವು ಬರಬೇಕಾಗಿಲ್ಲ. ಎತ್ತುವುದಕ್ಕೆ ಇಲ್ಲಿ ಜನ ಇದ್ದಾರೆ. ಗೆಥಿನ್ ಬಿದ್ದಿದ್ದಾನೆ ಎಂದು ಕೇಳಿ ಒಂದು ಗಳಿಗೆ ಹೆದರುವವರು ಬೇಕು, ಅಷ್ಟೇ.

ನಿಮ್ಮ ಹೆಸರು ಕೊಡಲೇ?

ಗೆಥಿನ್